ಹಳದಿ ಚೀಟಿಯ ಗಿಡಗಳು

ಫೆ. 3, ಸೋಮವಾರ

ಇವತ್ತು 1ರಿಂದ 120ನೇ ಗಿಡದವರೆಗೆ ಅಳೆದಾಯಿತು. ಸೊಂಟ ಬಿದ್ದುಹೋಯಿತು. ಮೇಲೆ ಏರ್ ಶೋ ತಾಲೀಮು, ವಿಮಾನ ಹಾರಿದಾಗಲೆಲ್ಲ ಸುಬ್ಬಮ್ಮ ಕಿವಿ ಮುಚ್ಚಿಕೊಂಡು ಅವುಗಳಿಗೆ ಬೈಯುತ್ತಾಳೆ. ನರ್ಸರಿಯ ಹಳೇ ಕೆಲಸದವಳು. ಕುಂಡ ಸರಿಸಿಕೊಡುವುದು ಅವಳು, ಅಳೆಯುವುದು ಬರೆಯುವುದು ನಾನು.

ಒಟ್ಟು ಮುನ್ನೂರು ಸಸಿ, ಎಲ್ಲ ಜಾಲಾರಿ ಮರದವು. ಐದು ಬೆಟ್ಟದವು, ಒಂದೊಂದರಿಂದ ಅರವತ್ತು. ಒಂದೇ ಮಣ್ಣು, ಒಂದೇ ನೀರು, ಒಂದೇ ನೆರಳು. ಆದರೂ ಯಾವ ಬೆಟ್ಟದ್ದು ಹೇಗೆ ಬೆಳೆಯುತ್ತದೆ ಅಂತ ನೋಡುವ ಕೆಲಸ. ಎಲ್ಲವನ್ನೂ ಬೆರೆಸಿ ಇಟ್ಟಿದ್ದೇವೆ. ಗುರುತಿಗೆ ಬೆಟ್ಟಕ್ಕೊಂದು ಬಣ್ಣದ ಚೀಟಿ. ಎತ್ತರಕ್ಕೆ ಸ್ಕೇಲು, ಬುಡದ ದಪ್ಪಕ್ಕೆ ಕ್ಯಾಲಿಪರ್.

ಹಳದಿ ಅಂದರೆ ಗೊಲ್ಲರ ಗುಡ್ಡ. ಅಲ್ಲಿರುವುದು ಹತ್ತೊಂಬತ್ತೇ ಮರ. ಜೂನಿನಲ್ಲಿ ಬೀಜ ಆರಿಸಿದ್ದು ನಾನೇ. ಒಣಗಿದರೆ ಸತ್ತೇಹೋಗುವ ಬೀಜ, ಒದ್ದೆ ಗೋಣಿಯಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು ತಂದೆ. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ.

ಫೆ. 6, ಗುರುವಾರ

ಸರಾಸರಿ ಬಂತು. ದಪ್ಪದಲ್ಲಿ ಹಳದಿ ಎರಡನೇದು!! ಲ್ಯಾಬಿನಲ್ಲಿ ಯಾರೂ ಇರಲಿಲ್ಲ, ಒಂದು ಸುತ್ತು ಕುಣಿದೆ.

21ಕ್ಕೆ ಕಮಿಟಿ. ನಮ್ಮ ಅಳತೆ ನೋಡಿ ಎರಡು ಬೆಟ್ಟ ಆರಿಸುತ್ತಾರೆ. ಆರಿಸಿದ ಬೆಟ್ಟಕ್ಕೆ ಬೀಜದ ಕಾಡು ಅಂತ ರಕ್ಷಣೆ, ಯಾರೂ ಮುಟ್ಟುವಂತಿಲ್ಲ. ಉಳಿದವು ದೇವರಿಗೆ ಬಿಟ್ಟದ್ದು. ಗೊಲ್ಲರ ಗುಡ್ಡಕ್ಕೆ ಕಲ್ಲು ಒಡೆಯುವ ಕ್ರಷರಿನವರು ಆಗಲೇ ಅರ್ಜಿ ಹಾಕಿದ್ದಾರೆ.

ಫೆ. 12, ಬುಧವಾರ

ತಲೆ ಸಿಡಿಯುತ್ತಿದೆ.

ಪದ್ಮಶ್ರೀ ಮೇಡಂ, ನನ್ನ ಗೈಡ್, ಅವರದೊಂದು ನಿಯಮ: ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಅಳೆಯಬೇಕು. ಲ್ಯಾಬ್ ಅಸಿಸ್ಟೆಂಟ್ ಬಾಲರಾಜು ಎರಡು ದಿನ ಕೂತು ಅಳೆದ. ನಾಲ್ಕು ಬೆಟ್ಟ ನನ್ನ ಲೆಕ್ಕಕ್ಕೆ ಸರಿಯಾಗಿ ಕೂತವು. ಹಳದಿ ಮಾತ್ರ ಅರ್ಧ ಮಿಲಿಮೀಟರ್ ಕಡಿಮೆ. ಎರಡನೇ ಸ್ಥಾನದಿಂದ ಸೀದಾ ಕೊನೆಗೆ.

ಹಳದಿ ಮಾತ್ರ. ಅದು ಹೇಗೆ?

ಫೆ. 13, ಗುರುವಾರ

ಹೇಳಿಬಿಟ್ಟೆ. ಬಾಲರಾಜು ಚಿಕ್ಕಪ್ಪ ವೆಂಕಟರಾಮಯ್ಯನಿಗೆ ಟಿಪ್ಪರ್ ಲಾರಿಗಳಿವೆ, ಜಲ್ಲಿ ವ್ಯಾಪಾರ. ಅವರ ಊರು ಕೋಗಿಲಿನಲ್ಲಿ ಎಲ್ಲರಿಗೂ ಗೊತ್ತು. ಗುಡ್ಡ ಒಡೆದರೆ ಯಾರಿಗೆ ಲಾಭ ಅಂತ ಯೋಚನೆ ಮಾಡಿ ಮೇಡಂ ಅಂದೆ.

ಮೇಡಂ ಬಾಲರಾಜುವಿನ ಶೀಟು ತಿರುವಿ ನೋಡಿದರು. ಆಮೇಲೆ, ಅವನು ಇನ್ನೂ ಸೈನ್ ಹಾಕಿಲ್ಲ, ಸದ್ಯಕ್ಕೆ ಪಕ್ಕಕ್ಕಿಡೋಣ, ಕಮಿಟಿಗೆ ನಿನ್ನ ಲೆಕ್ಕ ಹೋಗಲಿ ಅಂದರು. ಮಧ್ಯಾಹ್ನದ ಹೊತ್ತಿಗೆ ಅವನನ್ನು ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿದ್ದರು. ಊಟದ ಹೊತ್ತಲ್ಲಿ ಎದುರಾದ. ಡಬ್ಬಿ ಎತ್ತಿಕೊಂಡು ಆಚೆ ಹೋದ. ಯಾಕೆ ಅಂತ ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಫೆ. 16, ಭಾನುವಾರ, ರಾತ್ರಿ 8

ಅವನದು ತಪ್ಪು ಅಂತ ತೋರಿಸಲು ಹೋಗಿದ್ದೆ. ಮೊದಲು ಅದನ್ನು ಬರೆದಿಡುತ್ತೇನೆ.

ಮನೆಯಲ್ಲಿ ಅಮ್ಮಿಗೆ ಆಫೀಸು ಅಂತ ಹೇಳಿ ಬೆಳಿಗ್ಗೆಯೇ ಆರ್.ಟಿ. ನಗರದಿಂದ ನರ್ಸರಿಗೆ ಬಸ್ಸು ಹಿಡಿದೆ. ಸುಬ್ಬಮ್ಮನ ಕೈಲಿ ಮುನ್ನೂರು ಚೀಟಿಗೂ ಕಾಗದ ಸುತ್ತಿಸಿದೆ. ಯಾವ ಗಿಡ ಯಾವ ಬೆಟ್ಟದ್ದು ಅಂತ ಕಾಣದಂತೆ. ಎತ್ತರ ಬಿಟ್ಟು ದಪ್ಪ ಮಾತ್ರ ಅಳೆದೆ. ಸಂಜೆ ಕಾಗದ ಬಿಚ್ಚಿ ಲೆಕ್ಕ ಹಾಕಿದೆ.

ಹಳದಿ ಕೊನೇದು. ಅರ್ಧ ಮಿಲಿಮೀಟರ್ ಕಡಿಮೆ. ಬಾಲರಾಜು ಬರೆದದ್ದೇ.

ಕ್ಯಾಲಿಪರ್ ಕೆಟ್ಟಿದೆಯಾ ಅಂತ ತಿರುಗಿಸಿ ನೋಡುತ್ತಿದ್ದೆ. ಸುಬ್ಬಮ್ಮ ಕೈ ತೊಳೆಯುತ್ತಾ ಅಂದಳು: "ಮುಂಚೆ ಅರಿಶಿಣದ್ ಚೀಟಿ ಬಂದ್ರೆ ಮೆತ್ತಗೆ ಇಡೀತಿದ್ರಿ ಕಣವ್ವ, ಕೂಸಿನ್ ಕೈ ಇಡಿದಂಗೆ. ಇವತ್ತು ಎಲ್ಲದ್ನೂ ಒಂದೇ ತರ ಅದುಮಿದ್ರಿ."

ಎಳೇ ಕಾಂಡ. ಮೆತ್ತಗೆ ಹಿಡಿದರೆ ದಪ್ಪ ತೋರಿಸುತ್ತದೆ, ಅದುಮಿದರೆ ತೆಳ್ಳಗೆ. ಮೊದಲ ವರ್ಷದ ಹುಡುಗರಿಗೆ ನಾನೇ ಹೇಳಿಕೊಡುವ ಪಾಠ.

ನಾನು ಸುಳ್ಳು ಬರೆದಿಲ್ಲ. ಕಂಡದ್ದನ್ನೇ ಬರೆದೆ. ಆದರೆ ಕೈ ಮೋಸ ಮಾಡಿತು, ಅರವತ್ತು ಸಲ. ನಾಚಿಕೆಯಾಗುತ್ತಿದೆ.

ಫೆ. 19, ಬುಧವಾರ

ಎರಡು ದಿನ ಬರೆಯಲಿಲ್ಲ. ಸುಮ್ಮನಿದ್ದರೆ ಗುಡ್ಡ ಉಳಿಯುತ್ತದೆ. ಬಾಯಿ ಬಿಟ್ಟರೆ ಜಲ್ಲಿ. ಭಾನುವಾರ ಏನು ಮಾಡಿದೆ ಅಂತ ಗೊತ್ತಿರುವುದು ಸುಬ್ಬಮ್ಮನಿಗೆ ಮಾತ್ರ, ಅವಳನ್ನು ಯಾರು ಕೇಳುತ್ತಾರೆ... ಇಂಥ ಯೋಚನೆ ನನ್ನ ತಲೆಗೆ ಬಂತು ಅಂತಲೂ ಬರೆದಿರಲಿ.

ಬಾಲರಾಜು ಸೋಮವಾರದಿಂದ ರಜೆ.

ಇವತ್ತು ಮತ್ತೆ ಅಂಕಿ ನೋಡುತ್ತಾ ಕೂತೆ. ಹಳದಿ ತೆಳ್ಳಗೆ, ನಿಜ. ಆದರೆ ಅರವತ್ತಕ್ಕೆ ಅರವತ್ತೂ ಹಾಗೇ. ಬೇರೆ ನಾಲ್ಕೂ ಬೆಟ್ಟ ಹೆಚ್ಚುಕಡಿಮೆ ಒಂದೇ, ಇದೊಂದೇ ಬೇರೆ. ಬಂಡೆ ಮೇಲೆ ನಿಧಾನ ಬೆಳೆದು ಬದುಕಿದ ಮರಗಳ ಗುಣ ಇರಬಹುದು. ಉಳಿಸಬೇಕಾದ್ದು ಅದೇ ಅಲ್ಲವಾ? ಮೆತ್ತಗೆ ಹಿಡಿದು ಹಿಡಿದು ನಾನು ಅದನ್ನೂ ಎಲ್ಲದರ ಹಾಗೆ ಮಾಡಿಟ್ಟಿದ್ದೆ. ಎಂಥ ದಡ್ಡಿ.

ಫೆ. 20, ಗುರುವಾರ

ಮೇಡಂ ಹತ್ತಿರ ಹೋದೆ. ನನ್ನ ಅಳತೆ ತಪ್ಪು ಅಂದೆ, ಹೇಗೆ ಅಂತಲೂ ಹೇಳಿದೆ. ಬೈಯಲಿಲ್ಲ. ನಾಳೆ ನೀನೇ ಎದ್ದು ಹೇಳು ಅಂದರು. ಹಾಗಾದರೆ ಬಾಲರಾಜುದು ಸರಿಯಾ ಅಂತ ಕೇಳಿದರು.

"ಸರಿ ಇರಬಹುದು" ಅಂದೆ.

ಇರಬಹುದಂತೆ. ಅಷ್ಟೇ ಬಂತು ಬಾಯಲ್ಲಿ. ಚಿಕ್ಕಪ್ಪನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಫೆ. 21, ಶುಕ್ರವಾರ, ಮಧ್ಯಾಹ್ನ 2.00

ಕಮಿಟಿ ಮುಗಿದಿಲ್ಲ, ನನ್ನ ಪಾಲಿನದು ಮುಗಿಯಿತು. ಎದ್ದು ಹೇಳಿದೆ. ತೆಳ್ಳಗಿರುವುದೇ ಇದರ ವಿಶೇಷ, ಬೇರೆಲ್ಲೂ ಇಲ್ಲ ಅಂದೆ. ತುದಿಯಲ್ಲಿ ಕೂತಿದ್ದ ಹಿರಿಯ ಅಧಿಕಾರಿ ಕನ್ನಡಕ ತೆಗೆದಿಟ್ಟರು.

"ಹೋದ ವಾರ ದಪ್ಪ ಅಂದ್ರಿ. ಈ ವಾರ ತೆಳ್ಳಗೆ ಅಂತೀರಿ. ನಿಮ್ಮನ್ನ ಹೇಗಮ್ಮ ನಂಬೋದು?"

ಇನ್ನೊಬ್ಬರೂ ಅಳೆದಿದ್ದಾರೆ, ಅವರದೂ ಇದೇ ಅಂದೆ. ಎರಡನೆಯವರು ಅಳೆದ ಶೀಟು, ಸೈನ್ ಸಮೇತ, ನಾಲ್ಕು ಗಂಟೆಯೊಳಗೆ ಬಂದರೆ ನೋಡುತ್ತೇವೆ, ಇಲ್ಲದಿದ್ದರೆ ಗೊಲ್ಲರ ಗುಡ್ಡ ಪಟ್ಟಿಯಲ್ಲಿಲ್ಲ ಅಂದರು.

ಎರಡನೆಯವನು ಕೋಗಿಲಿನಲ್ಲಿದ್ದಾನೆ. ಫೋನ್ ಎತ್ತುತ್ತಿಲ್ಲ. ಶೀಟು ಬ್ಯಾಗಿನಲ್ಲಿದೆ. ಆಟೋ ಸಿಕ್ಕಿತು.

2.50

ಬಾಲರಾಜು ಮನೆ ವರಾಂಡ. ಒಳಗೆ ಕರೆದ, ನಾನೇ ಹೋಗಲಿಲ್ಲ. ತಪ್ಪಾಯ್ತು ಅಂದೆ. ಎಲ್ಲ ಹೇಳಿದೆ, ಸುಬ್ಬಮ್ಮ ಅಂದದ್ದೂ ಸೇರಿಸಿ. ಶೀಟು ತೆಗೆದುಕೊಂಡು ಒಂದೊಂದೇ ಪುಟ ನೋಡಿದ. ಪೆನ್ನು ಕೊಟ್ಟೆ. ಮುಚ್ಚಳ ತೆಗೆಯಲಿಲ್ಲ.

"ಸೈನ್ ಹಾಕ್ತೀನಿ ಮೇಡಂ. ಅದು ಗಿಡದ್ ವಿಷ್ಯ. ಆದ್ರೆ ನನ್ನ ಬಗ್ಗೆ ಹೇಳಿದ್ದು ಪದ್ಮಶ್ರೀ ಮೇಡಂ ಹತ್ರ ಅಲ್ವಾ? ತಪ್ಪಾಯ್ತು ಅಂತ ಅವ್ರ ಹತ್ರಾನೇ ಹೇಳಿ. ನಾನು ಕೇಳಿಸ್ಕೋಬೇಕು."

ಪದ್ಮಶ್ರೀ ಮೇಡಂಗೆ ಫೋನ್ ಮಾಡಿದೆ. ಬಿಜಿ. ಮತ್ತೆ ಮಾಡಿದೆ. ಬಿಜಿ. ಅವನ ಮುಖ ನೋಡಲಾಗದೆ ಇದನ್ನು ಬರೆಯುತ್ತಿದ್ದೇನೆ. ಅವನು ಎದುರಿಗೇ ಕೂತಿದ್ದಾನೆ. ಇಲ್ಲಿಂದ ವಾಪಸ್ ಅರ್ಧ ಗಂಟೆ ಬೇಕು.

3.08. ಮೇಡಂ ಅವರೇ ಮಾಡುತ್ತಿದ್ದಾರೆ. ಸ್ಪೀಕರ್ ಹಾಕಿ ಅಂದ. ಹಾಕುತ್ತಿದ್ದೇನೆ, ಮೊದಲು ತಪ್ಪಾಯ್ತು ಅನ್ನುತ್ತೇನೆ.