ಆರು ಜನ ಮಲಗುವ ಒಂದೇ ಕೋಣೆ

ಹೊರಮಾವು, 6ನೇ ತಾರೀಖು, ಸೋಮವಾರ

ವಿಮಲಾಕ್ಷಿ ಅತ್ತೆಗೆ ಕೇದಾರನ ನಮಸ್ಕಾರ.

ಸಣ್ಣ ಮನೆಯನ್ನು ಅಚ್ಚುಕಟ್ಟಾಗಿ ಜೋಡಿಸುವ ಸ್ಪರ್ಧೆಯಲ್ಲಿ ನನ್ನ ಒಂದು ಕೋಣೆಯ ಮನೆಗೆ ಮೊದಲ ಬಹುಮಾನ ಬಂದಿದೆ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಆಶಾರಾಣಿ ನಿನ್ನೆ ಸಭೆಯಲ್ಲಿ ಓದಿ ಹೇಳಿದರು. ಮಂಚ ಮಡಚಿದರೆ ಗೋಡೆಗೆ ಸೇರುತ್ತದೆ, ಕಪಾಟಿನ ಬಾಗಿಲು ಇಳಿಸಿದರೆ ಊಟದ ಮೇಜು, ದಿವಾನಿನೊಳಗೆ ಐದು ಹಾಸಿಗೆ. ಆರು ಜನ ಆರಾಮಾಗಿ ಮಲಗಬಹುದು ಎಂದರು. ಚಪ್ಪಾಳೆ ನಿಂತ ಮೇಲೆ ಮನೆ ಮಾಲೀಕ ರಾಮಾಂಜಿನಪ್ಪ, "ಮಲಗೋರು ನೀವೊಬ್ರೇ ಅಲ್ವಾ ಸಾರ್? ಊರಲ್ಲಿ ನೆಂಟ್ರೇ ಇಲ್ವಾ?" ಎಂದರು. ಎಲ್ಲರೂ ನಕ್ಕರು. ನಾನು ತಲೆ ಎತ್ತಲಿಲ್ಲ.

ಕಣ್ಣಿನ ಪೊರೆ ತೆಗೆಸಲು ಬಂದು ಹತ್ತು ದಿನ ಇರಲೇ ಎಂದು ಹೋದ ತಿಂಗಳು ನೀವು ಕೇಳಿದಾಗ, ಕಾಲು ಚಾಚಲೂ ಜಾಗವಿಲ್ಲ ಎಂದು ಸುಳ್ಳು ಹೇಳಿದೆ. ಹೊಸದಾಗಿ ಜೋಡಿಸಿದ ಮನೆ ಚೆಲ್ಲಾಪಿಲ್ಲಿಯಾದೀತು ಎಂಬುದಷ್ಟೇ ಕಾರಣ. "ಇರ್ಲಿ ಬಿಡಪ್ಪ, ಕಣ್ಣೇನು ಓಡಿಹೋಗಲ್ಲ" ಎಂದಿರಿ. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಮಾವನಿಂದ ಓದಿಸಿಕೊಳ್ಳಿ.

ನಾನು ಕ್ಷೇಮ. 18ನೇ ತಾರೀಖು ಶನಿವಾರ ಸಂಜೆ ನಿಮ್ಮಲ್ಲಿಗೆ ಬರುತ್ತೇನೆ, ಭಾನುವಾರ ಇಬ್ಬರೂ ನನ್ನ ಮನೆಗೆ ಹೊರಡೋಣ. ಕಣ್ಣಾಸ್ಪತ್ರೆಯಲ್ಲಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಹೆಸರು ಬರೆಸಿದ್ದೇನೆ.