ಗೇರಿನ ಕೈ

ಮಾರ್ಚ್ 11, ಬೆಳಿಗ್ಗೆ

ಇವತ್ತೂ ಜಡೆ ಇವರೇ ಹಾಕಿದರು. ಗಂಡ ಹೆಣೆದ ಜಡೆ ಹೇಗಿರಬೇಕೋ ಹಾಗೇ ಇದೆ. ಅಂಗಿಯ ಗುಂಡಿ ಹಾಕುವಾಗ "ಅಲ್ಲಾಡ್ಬೇಡ ಸುಮ್ನಿರು" ಎಂದು ಗದರಿದರು. ಬಸ್ ತುಂಬ ಜನರನ್ನು ಹೊತ್ತು ಓಡಿಸುವವಳು, ಒಂದು ಗುಂಡಿಗೆ ಬೈಸಿಕೊಳ್ಳುತ್ತಿದ್ದೇನೆ.

ಎಡಗೈ ಸ್ಲಿಂಗಿನಲ್ಲಿ. ಬಸ್ಸಿನ ಗೇರ್ ಹಾಕುವ ಕೈ. ಆಪರೇಷನ್ ಆಗಿ ಎರಡು ವಾರವಾಗುತ್ತಾ ಬಂತು.

ಡಾಕ್ಟರಮ್ಮ ಹೇಳಿದ್ದನ್ನು ಬರೆದಿಡಬೇಕು, ಇಲ್ಲದಿದ್ದರೆ ಅತ್ತೆ ತಮ್ಮದೇ ಕಥೆ ಕಟ್ಟುತ್ತಾರೆ. ಭುಜದ ಸ್ನಾಯುವನ್ನು ಮೂಳೆಗೆ ಬಿಗಿದಿದ್ದ ಟೆಂಡನ್ ಹರಿದಿತ್ತು. ಮತ್ತೆ ಹೊಲಿದಿದ್ದಾರೆ. ಆದರೆ ಅದು ಎಳೆ ಎಳೆಯಾಗಿ ಸವೆದಿತ್ತಂತೆ, ಬರೀ ಹೊಲಿಗೆ ನಿಲ್ಲುವುದಿಲ್ಲವೆಂದು ಮೇಲೊಂದು ತೆಳು ಪ್ಯಾಚ್ ಕೂರಿಸಿದ್ದಾರೆ.

"ಮನೆ ಕಟ್ಟುವಾಗ ಸಾರುವೆ ಕಟ್ಟಲ್ವಾ, ಹಾಗೇ ಇದು. ನಿಮ್ಮದೇ ಹೊಸ ಎಳೆ ಇದನ್ನ ಹಿಡ್ಕೊಂಡು ಬೆಳೀಬೇಕು. ಆಮೇಲೆ ಇದು ತಾನೇ ಕರಗಿಹೋಗುತ್ತೆ."

"ಬೆಳೆಯೋ ಮೊದಲೇ ಕರಗಿದ್ರೆ?"

"ಅದಕ್ಕೇ ನಿಧಾನವಾಗಿ ಕರಗೋ ಅಂಥದ್ದು ಹಾಕಿರೋದು. ನೀವು ಕೈ ಎಳೆದಾಡಬೇಡಿ, ಅಷ್ಟೇ."

ಅತ್ತೆಗೆ 'ಕರಗುತ್ತೆ' ಎನ್ನುವುದೊಂದೇ ಕೇಳಿಸಿದೆ. ಮನೆಗೆ ಬಂದವರಿಗೆಲ್ಲ ಅದೇ ವರದಿ: "ಅಷ್ಟು ದೊಡ್ಡ ಆಸ್ಪತ್ರೆ, ಕರಗಿಹೋಗೋದನ್ನ ಹಾಕಿ ಕಳ್ಸಿದಾರೆ ನೋಡಿ!"

ಮಾರ್ಚ್ 19

ಡಿಪೋ ಮ್ಯಾನೇಜರ್ ಫೋನು.

"ಏನಮ್ಮಾ, ಹೇಗಿದೀರಿ? ಆರಾಮಾಗಿ ಟಿಕೆಟ್ ಕೌಂಟರ್‌ಗೆ ಬಂದ್ಬಿಡಿ. ಫ್ಯಾನ್ ಇದೆ, ಕುರ್ಚಿ ಇದೆ. ವಯಸ್ಸೂ ಆಯ್ತಲ್ಲ."

ನನ್ನ ವಯಸ್ಸಿನ ಮೇಲೆ ಇವರಿಗ್ಯಾಕೆ ಕಣ್ಣು? "ಸ್ಟಿಯರಿಂಗ್ ಬಿಡಲ್ಲ ಸಾರ್" ಎಂದೆ.

"ಫಿಟ್‌ನೆಸ್ ಟೆಸ್ಟ್ ಇರುತ್ತೆ. ಎರಡೂ ಕೈ ಕಿವಿಗೆ ತಾಗೋ ಹಾಗೆ ನೆಟ್ಟಗೆ ಮೇಲೆತ್ತಬೇಕು. ರೂಲ್ಸು."

"ಎತ್ತುತ್ತೀನಿ."

ಮೊಣಕೈಯನ್ನು ಪಕ್ಕೆಯಿಂದ ಆಚೆ ಸರಿಸಲಾಗದವಳು ಕೊಟ್ಟ ಮಾತು. ಇರಲಿ. ಡಿಪೋದಲ್ಲಿ ಬಸ್ ಓಡಿಸುವ ಹೆಂಗಸು ನಾನೊಬ್ಬಳೇ. ನಾನು ಕೌಂಟರಿಗೆ ಹೋದರೆ "ಮೊದಲೇ ಹೇಳಿರ್ಲಿಲ್ವಾ" ಅನ್ನಲು ಒಂದು ದಂಡೇ ಕಾಯುತ್ತಿದೆ. ಕಾಯಲಿ. ಕಾದು ಕಾದು ಕಾಲು ನೋಯಲಿ.

ಏಪ್ರಿಲ್ 2, ಮಧ್ಯಾಹ್ನ

ಬರೆಯುವ ಮನಸ್ಸೇ ಇಲ್ಲ. ಆದರೂ.

ಫಿಸಿಯೋಥೆರಪಿಗೆ ಹೊರಟಿದ್ದೆ. ಸಿಕ್ಕಿದ್ದು ನನ್ನದೇ ಬಸ್ಸು. ಓಡಿಸುತ್ತಿದ್ದವನು ನಮ್ಮ ಡಿಪೋದ ಡ್ರೈವರ್, ಎಲ್ಲರೂ ಮೀಸೆ ಎಂದೇ ಕರೆಯುವವನು — ನನ್ನ ರೂಟಿಗೆ ಈಗ ಅವನನ್ನು ಹಾಕಿದ್ದಾರೆ. ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಕೂರುವ ಅಭ್ಯಾಸ ನನಗಿಲ್ಲ.

ಸೇತುವೆಯ ಏರು. ಎಂಜಿನ್ ಒದ್ದಾಡುತ್ತಿದೆ, ಮೀಸೆ ಯಾರ ಜತೆಗೋ ಹರಟುತ್ತಾ ಗೇರ್ ಇಳಿಸುತ್ತಲೇ ಇಲ್ಲ. ಇಳಿಸು... ಇಳಿಸು ಮಾರಾಯ... ನನ್ನ ಕಾಲು ಇಲ್ಲದ ಕ್ಲಚ್ ಒತ್ತಿತು. ಅದರ ಹಿಂದೆಯೇ ಕೈ ಸ್ಲಿಂಗಿನಿಂದ ಕಿತ್ತುಕೊಂಡು ಹೋಗಿ, ಇಲ್ಲದ ಗೇರನ್ನು ಎಳೆಯಿತು.

ಭುಜದಲ್ಲಿ ಚುಳ್ ಎಂದಿತು. ಕಣ್ಣಿಗೆ ಕತ್ತಲೆ ಕವಿಯಿತು.

"ಏನಾಯ್ತಕ್ಕಾ?"

"ಗೇರ್ ಇಳ್ಸೋ! ಎಂಜಿನ್ ಪ್ರಾಣ ಹೋಗ್ತಿದೆ!"

ಅವನು ಇಳಿಸಿದ. ನಾನೂ ಇಳಿದೆ, ಮುಂದಿನ ಸ್ಟಾಪಿನಲ್ಲಿ. ಫಿಸಿಯೋಗೆ ಹೋಗಲಿಲ್ಲ. ಇವರಿಗೆ ಹೇಳಿಲ್ಲ.

ಏಪ್ರಿಲ್ 3

ನೋವು. ಪ್ಯಾಚ್ ಕಿತ್ತುಬಂದಿದ್ದರೆ? ಹೆದರಿಕೆ ಆಗುತ್ತಿದೆ. ಯಾರ ಮುಂದೂ ಒಪ್ಪಿಕೊಳ್ಳುವುದಿಲ್ಲ, ಇಲ್ಲಿ ಮಾತ್ರ.

ಏಪ್ರಿಲ್ 9

ಅತ್ತೆಗೆ ಸಿಕ್ಕಿಬಿದ್ದೆ.

"ಒಂದು ವಾರ ಆಯ್ತು, ನನ್ನ ಜತೆ ಒಂದು ಜಗಳ ಆಡಿಲ್ಲ ನೀನು. ಏನು ಮಾಡ್ಕೊಂಡೆ, ಬೊಗಳು."

ಹೇಳಿದೆ. ಚೆನ್ನಾಗಿ ಮಂಗಳಾರತಿ ಆಗುತ್ತದೆ ಅಂದುಕೊಂಡಿದ್ದೆ. ಅತ್ತೆ ಕೇಳಿದ್ದು ಇಷ್ಟೇ.

"ಆ ಮೀಸೆಯವನಿಗೆ ಗೇರ್ ಹಾಕೋಕೂ ಬರಲ್ವಾ?"

ನಗು ಬಂತು. ನಗುತ್ತಾ ಅಳುವೂ ಬಂತು, ತಡೆಯಲಾಗಲಿಲ್ಲ. ಅತ್ತೆ ಆಗಲೇ ಚಪ್ಪಲಿ ಹುಡುಕುತ್ತಿದ್ದರು. "ಏಳು, ಆಸ್ಪತ್ರೆಗೆ. ಕಿತ್ತಿದ್ರೆ ಮತ್ತೆ ಹೊಲೀಲಿ. ಅಂಗಿ ಹರಿದ್ರೆ ಮನುಷ್ಯನ್ನ ಬಿಸಾಕ್ತಾರಾ?"

ಏಪ್ರಿಲ್ 10

ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು.

"ಹೊಲಿಗೆ ನಿಂತಿದೆ. ಪ್ಯಾಚ್ ಒಂದು ಅಂಚಲ್ಲಿ ಸಡಿಲ ಆಗಿದೆ. ಅದೃಷ್ಟವಂತರು ನೀವು. ಸ್ಲಿಂಗ್ ಇನ್ನೂ ಮೂರು ವಾರ. ಬಸ್ಸಲ್ಲಿ ಹಿಂದಿನ ಸೀಟು."

"ಅದಾಗಲ್ಲ ಡಾಕ್ಟ್ರೇ."

"ಹಾಗಾದ್ರೆ ನಡ್ಕೊಂಡು ಬನ್ನಿ."

ನಡೆದೇ ಬರುತ್ತೇನೆ. ಕೈ ಕಿವಿ ಮುಟ್ಟುತ್ತದಾ ಎಂದು ಕೇಳಿದೆ. ಅದಕ್ಕೆ ಮಾತು ಕೊಡಲ್ಲ ಎಂದರು.

ಸೆಪ್ಟೆಂಬರ್ 6

ತಿಂಗಳುಗಟ್ಟಲೆ ಈ ಪುಸ್ತಕ ತೆರೆದಿಲ್ಲ. ಬರೆಯಲು ಏನಿತ್ತು? ಗೋಡೆಯ ಮೇಲೆ ಬೆರಳು ಹತ್ತಿಸು, ಇಳಿಸು. ಕೋಲು ಹಿಡಿದು ಎತ್ತು, ಇಳಿಸು. ಹಲ್ಲು ಕಚ್ಚು. ಇವರು ಎಣಿಸುವುದು, ಮಧ್ಯೆ ಲೆಕ್ಕ ತಪ್ಪುವುದು, ಮತ್ತೆ ಮೊದಲಿಂದ ಮಾಡಿಸುವುದು. ಬೇಕೆಂದೇ ತಪ್ಪುತ್ತಾರೆ ಎಂಬ ಅನುಮಾನ ನನಗೆ.

ಇವತ್ತಿನ ಸ್ಕ್ಯಾನಿನಲ್ಲಿ ಪ್ಯಾಚ್ ಕಾಣಿಸುವುದೇ ಕಷ್ಟ. ಅದಿದ್ದ ಕಡೆ ದಪ್ಪಗೆ ಟೆಂಡನ್. "ಇದು ಪೂರ್ತಿ ನಿಮ್ಮದೇ. ನೀವೇ ಬೆಳೆಸಿದ್ದು" ಎಂದರು ಡಾಕ್ಟರಮ್ಮ. ತಳ್ಳಿಸಿದರು, ಎಳೆಸಿದರು. ಬಲ ಬಂದಿದೆ. ಬಸ್ ಓಡಿಸಲು ಅಡ್ಡಿಯಿಲ್ಲವಂತೆ.

ಆದರೆ ಕೈ ಹಣೆಯ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮೇಲೆ ಒಂದು ಬೆರಳಷ್ಟೂ ಏರುವುದಿಲ್ಲ. ಬಹುಶಃ ಇನ್ನು ಇಷ್ಟೇ ಅಂತೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮತ್ತೆ ಎತ್ತಿದೆ. ಹಣೆ. ಹಾಳಾದ್ದು, ಹಣೆ.

ಸೆಪ್ಟೆಂಬರ್ 14, ಸಂಜೆ

ಟೆಸ್ಟ್.

ಬಲಗೈ ಕಿವಿಗೆ. ಎಡಗೈ ಹಣೆಗೆ. ಮ್ಯಾನೇಜರ್ ಪೆನ್ನು ಮುಚ್ಚಿದರು. "ಅಷ್ಟೇನಾ? ಹೋಗ್ಲಿ ಬಿಡಮ್ಮಾ. ಕೌಂಟರ್ ಇದ್ದೇ ಇದೆಯಲ್ಲ."

ಬಿಡುವುದಂತೆ!

"ಸಾರ್, ತಲೆಗಿಂತ ಮೇಲಿರೋ ಗೇರ್ ಯಾವ ಬಸ್ಸಲ್ಲಿದೆ ತೋರ್ಸಿ. ಈ ಕ್ಷಣ ಕೌಂಟರ್‌ಗೆ ಹೋಗ್ತೀನಿ."

"ರೂಲ್ಸ್ ಇರೋದು..."

"ರೂಲ್ಸ್ ಬರೆದೋರು ಬಸ್ ಓಡ್ಸಿದಾರಾ? ನಾನು ಓಡ್ಸಿದೀನಿ. ಕೀ ಕೊಡಿ. ಆಗ್ಲಿಲ್ಲ ಅಂದ್ರೆ ನಾನೇ ಬರೆದುಕೊಡ್ತೀನಿ, ಅನ್‌ಫಿಟ್ ಅಂತ."

ಟೆಸ್ಟಿಗೆಂದು ಪಕ್ಕದಲ್ಲಿ ಕೂತಿದ್ದ ಡಿಪೋ ಡಾಕ್ಟರು ಕನ್ನಡಕ ಒರೆಸುತ್ತಾ "ಓಡ್ಸಿ ತೋರಿಸ್ಲಿ ಬಿಡ್ರೀ, ನೋಡೇಬಿಡೋಣ" ಎಂದರು.

ಮ್ಯಾನೇಜರ್ ಕೊಟ್ಟದ್ದು ಅಂಗಳದ ಅತಿ ಹಳೇ ಬಸ್ಸು. ಬೇಕೆಂದೇ. ಅದರ ರಿವರ್ಸ್ ಗೇರ್ ಹಾಕಲು ಗಂಡಸರೇ ಎದ್ದು ನಿಲ್ಲುತ್ತಾರೆ. ಅಂಗಳ ಎರಡು ಸುತ್ತು ಹಾಕಿದೆ. ವರ್ಕ್‌ಶಾಪಿನ ಏರು ಹತ್ತಿಸಿದೆ. ಆಮೇಲೆ ರಿವರ್ಸ್. ಗೇರ್ ಹಠ ಮಾಡಿತು, ನಾನೂ ಮಾಡಿದೆ. ಭುಜ ಉರಿಯಿತು, ಆದರೆ ಹಿಡಿದುಕೊಂಡಿತು. ನಾನು ಬೆಳೆಸಿದ್ದು ಹಿಡಿದುಕೊಂಡಿತು! ಎರಡು ಬಸ್ಸುಗಳ ನಡುವೆ ತಂದು ನಿಲ್ಲಿಸಿ, ಎದ್ದು ನಿಲ್ಲದೆಯೇ ಕೀ ಚಾಚಿದೆ. ಎಡಗೈಯಲ್ಲಿ.

"ಒಂದು ತಿಂಗಳು ಟ್ರಯಲ್" ಎಂದರು ಮ್ಯಾನೇಜರ್, ಎತ್ತಲೋ ನೋಡುತ್ತಾ. ಡಾಕ್ಟರು ಸಹಿ ಹಾಕಿದರು.

ಸೆಪ್ಟೆಂಬರ್ 17, ಬೆಳಿಗ್ಗೆ, ಬಸ್ಸಿನಲ್ಲಿ

ಮೊದಲ ಟ್ರಿಪ್. ಹೊರಡಲು ಇನ್ನೂ ಸ್ವಲ್ಪ ಸಮಯವಿದೆ. ಪುಸ್ತಕ ಸ್ಟಿಯರಿಂಗ್ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಟೈ ಕಟ್ಟಿದವನೊಬ್ಬ ಹತ್ತಿದ. ನನ್ನನ್ನು ನೋಡಿದ, ಗಡಿಯಾರ ನೋಡಿದ. "ಡ್ರೈವರ್ ಇನ್ನೂ ಬಂದಿಲ್ವಾ?" ಕೇಳಿದ್ದು ನನ್ನನ್ನೇ! ಡ್ರೈವರ್ ಸೀಟಿನಲ್ಲಿ ಕೂತವಳನ್ನು!

"ಬಂದಿದಾರೆ. ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳ್ಳಿ" ಎಂದೆ.

ಕಂಡಕ್ಟರ್ ಬೆಲ್ ಹೊಡೆದ. ಕ್ಲಚ್ ಒತ್ತಿದೆ. ಈ ಸಲ ಕ್ಲಚ್ ಇದೆ. ಪುಸ್ತಕ ಮುಚ್ಚುತ್ತೇನೆ, ಇನ್ನು ಈ ಎಡಗೈ ಗೇರ್ ಮೇಲಿರಬೇಕು.