ಚಾಕಿ ಮನೆಯ ಮಾಡ್ಯೂಲ್

ಕ್ಯಾಲನೂರು,
೧೮ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಉಮೇಶನಿಗೆ,

ಹೇಗಿದ್ದೀಯೋ? ತಿರುಪ್ಪೂರಿನ ನೀರು ಹೊಟ್ಟೆಗೆ ಒಗ್ಗಿತೇ? ನೀನು ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯ, ಅದಕ್ಕೇ ಸುನಂದ ಚಿಕ್ಕಮ್ಮನ ಹತ್ತಿರ ವಿಳಾಸ ಇಸಿದುಕೊಂಡು ಬರೆಯುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಅಪ್ಪನಿಗೆ ಕೆಮ್ಮು. ನನಗೆ ಸರಿಯಾಗಿ ನಿದ್ದೆಯಿಲ್ಲ.

ರೇಷ್ಮೆಯ ಮರಿಹುಳು ಸಾಕುವ ನಮ್ಮ ಚಾಕಿ ಮನೆಯ ಕಂಪ್ಯೂಟರ್ ಹೋದ ತಿಂಗಳು ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಯಿತು. ಕೋಲಾರದಿಂದ ಹೊಸದು ತಂದೆವು. ಅದರಲ್ಲಿರುವುದು ಹೊಸ ಲಿನಕ್ಸ್ ಕರ್ನಲ್, ಯಂತ್ರ ನಡೆಸುವ ಮೂಲ ತಂತ್ರಾಂಶವೇ ಬೇರೆ. ಕೋಣೆಯ ತೇವ ಅಳೆಯಲು ನೀನು ಬರೆದ ಪುಟ್ಟ ಪ್ರೋಗ್ರಾಮ್, ಆ ಮಾಡ್ಯೂಲ್, ಹಳೆಯ ಕರ್ನಲ್‌ಗೆಂದು ಕಂಪೈಲ್ ಆದದ್ದು, ಹೊಸದು ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಹಳೆಯ ಕರ್ನಲ್ ಹಾಕಿದರೆ ಹೊಸ ಬೋರ್ಡ್ ಶುರುವಾಗುವುದೇ ಇಲ್ಲ. ಕಂಪ್ಯೂಟರ್ ಅಂಗಡಿಯ ಅನಿಲ್‌ಕುಮಾರ್, "ಫೋರ್ಸ್ ಮಾಡಿ ಲೋಡ್ ಮಾಡ್ಬಿಡೋಣ ಅಕ್ಕಾ, ಏನೂ ಆಗಲ್ಲ" ಅಂದ. ಲೋಡೇನೋ ಆಯಿತು. ಆದರೆ ಹೊಸ ಕರ್ನಲ್ ಒಳಗಿನ ಮಾಹಿತಿಯ ಜಾಗವನ್ನೆಲ್ಲ ಬದಲಿಸಿಟ್ಟಿದೆ. ನಿನ್ನ ಮಾಡ್ಯೂಲ್ ಹಳೆಯ ಅಂದಾಜಿನಲ್ಲೇ ಕೈಹಾಕಿ, ಸಿಕ್ಕಿದ್ದನ್ನೇ ತೇವವೆಂದು ತೋರಿಸಿತು. ಪರದೆಯ ಮೇಲೆ ಎಂಬತ್ತೈದು, ತಟ್ಟೆಯಲ್ಲಿ ನೋಡಿದರೆ ಸೊಪ್ಪು ಒಣಗಿ ಮುರಿಯುತ್ತಿತ್ತು. ಪೊರೆ ಬಿಡಲು ಜ್ವರಕ್ಕೆ ಕೂತ ಹುಳು ಅರ್ಧಕ್ಕರ್ಧ ಏಳಲೇ ಇಲ್ಲ. ಲೋಡ್ ಆಗದೆ ಇದ್ದಿದ್ದರೇ ವಾಸಿಯಿತ್ತು.

ಈಗ ಗೋಣಿಚೀಲ ಒದ್ದೆ ಮಾಡಿ ಗೋಡೆಗೆಲ್ಲ ನೇತುಹಾಕುವುದೇ ಕೆಲಸ. ಒಂದು ಪಾಳಿ ನನ್ನದು, ಒಂದು ಅಪ್ಪನದು. ಸಾಕಾಗಿ ಹೋಗಿದೆ ಕಣೋ. ಇನ್ನೊಂದು ಸಲ ಹುಳು ಹೀಗೆ ಹೋದರೆ ರೈತರು ಬೇರೆ ಕಡೆ ನೋಡಿಕೊಳ್ಳುತ್ತಾರೆ, ನಾವು ಬಾಗಿಲು ಹಾಕಬೇಕಾಗುತ್ತದೆ. ನೀನು ಬರೆದ ಮೂಲ ಸೋರ್ಸ್ ಕೋಡ್ ನಿನ್ನ ಹತ್ತಿರ ಮಾತ್ರ ಇದೆ. ಕಳಿಸಿದರೆ ಹೊಸ ಕರ್ನಲ್‌ಗೆ ಹೊಂದುವಂತೆ ತಿದ್ದಿ ಕಂಪೈಲ್ ಮಾಡಿಕೊಳ್ಳುತ್ತೇನೆ, ಡಿಪ್ಲೊಮಾದಲ್ಲಿ ಕಲಿತದ್ದು ಪೂರ್ತಿ ಮರೆತಿಲ್ಲ. ನಾನೇ ಒಂದನ್ನು ಮೊದಲಿನಿಂದ ಬರೆಯಲೂ ಕೂತಿದ್ದೇನೆ, ಲೋಡ್ ಮಾಡಿದಾಗಲೆಲ್ಲ ಕಂಪ್ಯೂಟರೇ ನಿಂತುಹೋಗುತ್ತದೆ.

ನಿನ್ನ ಸಿಟ್ಟು ನನಗೆ ಗೊತ್ತು. ಬಂದವರಿಗೆಲ್ಲ ಅಪ್ಪ ನಿನ್ನ ತೇವದ ಮಿಷಿನ್ ತೋರಿಸಿ, "ಬೆಂಗಳೂರಲ್ಲಿ ಕೊಂಡಿದ್ದು, ಕಂಪನಿ ಮಾಲು" ಎನ್ನುತ್ತಿದ್ದರು. ಮನೆಯ ಹುಡುಗ ಮಾಡಿದ್ದೆಂದರೆ ಜನ ಹುಳು ಒಯ್ಯಲು ಹಿಂಜರಿಯುತ್ತಾರೆಂಬ ಭಯ ಅವರಿಗೆ. ನಿನ್ನೆದುರಿಗೇ ಹಾಗೆ ಹೇಳಿದ್ದು ತಪ್ಪೇ. ನನಗೂ ಸಿಟ್ಟು ಬಂದಿತ್ತು. ಆದರೂ ಅವರ ಮೇಲಿನ ಸಿಟ್ಟನ್ನು ಹುಳುಗಳ ಮೇಲೆ ತೀರಿಸಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ, ನನ್ನದೂ.

ನಿನ್ನ ಅಕ್ಕ,
ಪದ್ಮಶ್ರೀ

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ನಾನು ಬರೆದ ಮಾಡ್ಯೂಲೇ ಲೋಡ್ ಆಗಿ ನಿಂತಿತು! ನಿನ್ನೆಯಿಂದ ತೇವ ಸರಿಯಾಗಿ ತೋರಿಸುತ್ತಿದೆ, ಸೋರ್ಸ್ ಕಳಿಸುವುದು ಬೇಡ. ಅಪ್ಪನಿಗೂ ತೋರಿಸಿದೆ. ಹೂಂ ಅಂದರು. ಬೆಳಿಗ್ಗೆ ಟೇಕಲ್‌ನ ವೆಂಕಟರಾಯಪ್ಪನವರು ಹುಳು ಒಯ್ಯಲು ಬಂದು ಮಿಷಿನ್ ವಿಚಾರ ಕೇಳಿದರೆ, ನನ್ನೆದುರಿಗೇ, "ಕೆಟ್ಟೋಗೈತಪ್ಪ. ಅದು ನಮ್ಮ ಉಮೇಶ ಮಾಡಿದ್ದು. ಅವನು ಬರೋಗಂಟ ನಡೆಯಲ್ಲ" ಅಂದರು. ಒಳಗೆ ಮಿಷಿನ್ ಓಡುತ್ತಲೇ ಇತ್ತು. ನಾನು ಆ ಕೋಣೆಯ ಬಾಗಿಲು ಎಳೆದುಕೊಂಡೆ.